ರಂಗೂನ್ ಭಟ್ರು ಹಾಕಿದ ಆಣೆ

ಮನೆಯಿಂದ ಹೊರಗೆ ಕಾಲಿಡುವ ಮೊದಲು ಅವರು ಆಕಾಶ ನೋಡುತ್ತಿದ್ದರು. ಮಳೆಗಾಲದಲ್ಲಿ ನಾವೆಲ್ಲರೂ ನೋಡುತ್ತೇವೆ. ಅವರು ಚೈತ್ರದ ಸುಡುಬಿಸಿಲಿನಲ್ಲೂ ನೋಡುತ್ತಿದ್ದರು. ಜಗಲಿಯ ಕಂಬಕ್ಕೆ ಒಂದು ಕೈ ಕೊಟ್ಟು, ಕತ್ತು ಹೊರಗೆ ಹಾಕಿ, ಗುಡ್ಡದ ಕಡೆಯಿಂದ ಕಡಲಿನ ಕಡೆಗೆ ಒಮ್ಮೆ ಕಣ್ಣಾಡಿಸಿ, ಕಿವಿಗೊಟ್ಟು ನಿಂತು, ಏನೂ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಮೆಟ್ಟಿಲು ಇಳಿಯುವುದು. ಅವರು ತೀರಿಕೊಂಡು ಒಂದು ತಿಂಗಳಾಯಿತು. ನಾನು ಶಾಲೆಗೆ ಹೊರಡುವಾಗ ಆ ಖಾಲಿ ಜಗಲಿ ಕಣ್ಣಿಗೆ ಬಿದ್ದರೆ ಇವತ್ತಿಗೂ ನನ್ನ ಕತ್ತು ತಾನಾಗಿ ಮೇಲೆ ಹೋಗುತ್ತದೆ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೂ ಉಪ್ಪುಂದದಲ್ಲಿ ಹೆಚ್ಚಿನವರಿಗೆ ಅದು ಯಾರೆಂದು ತಿಳಿಯಲಿಕ್ಕಿಲ್ಲ. ಎಲ್ಲರಿಗೂ ಅವರು ರಂಗೂನ್ ಭಟ್ರು. ಮೀಸೆ ಚಿಗುರುವ ವಯಸ್ಸಿನಲ್ಲಿ ಅಡುಗೆ ಕೆಲಸಕ್ಕೆಂದು ಬರ್ಮಾ ದೇಶಕ್ಕೆ ಹೋದವರು, ಆಮೇಲೆ ತಮ್ಮನನ್ನೂ ಕರೆಸಿಕೊಂಡು ರಂಗೂನಿನಲ್ಲಿ ಮದ್ರಾಸಿನ ಗುಮಾಸ್ತರಿಗಾಗಿ ಒಂದು ಊಟದ ಮನೆ ನಡೆಸಿದವರು. ಜಪಾನಿನವರು ಆ ಊರಿನ ಮೇಲೆ ಬಾಂಬು ಹಾಕಿದ ಮೇಲೆ ಸಾವಿರಾರು ಜನರ ಜೊತೆ ಕಾಡು ಗುಡ್ಡ ನಡೆದು, ಹೇಗೋ ಜೀವ ಹಿಡಿದುಕೊಂಡು ನಲವತ್ತೆರಡರ ಮಳೆಗಾಲದಲ್ಲಿ ಊರು ಸೇರಿದರು. ಬಂದವರು ಅವರೊಬ್ಬರೇ. ನಮ್ಮ ಪಕ್ಕದ ಮನೆಯಲ್ಲಿ ಅವರ ವಿಧವೆ ಅಕ್ಕ ಇದ್ದರು, ಅಲ್ಲಿಯೇ ನಿಂತರು.

ಕಡಲು ದಾಟಿ ಹೋದವರಾದ್ದರಿಂದ ಪ್ರಾಯಶ್ಚಿತ್ತ ಆಗಬೇಕೆಂದು ಹಿರಿಯರು ಹಟ ಹಿಡಿದರು. ಭಟ್ರು ಒಪ್ಪಿದರು. ಪಂಚಗವ್ಯ ಕುಡಿದು, ಬಾಯಿ ಒರಸಿಕೊಂಡು, ಪುರೋಹಿತರ ಮುಖ ನೋಡಿ ಹೇಳಿದರಂತೆ: “ಅಲ್ಲ ಹ್ವಾಯ್, ಹಾಲ್ ಇಷ್ಟ್ ನೀರ್ ಕಂಡಂಗ್ ಇತ್ತಲೆ. ರಂಗೂನಗೆ ಹೀಂಗಿದ್ ಹಾಲ್ ಮಾರಿದ್ರೆ ಜುಲ್ಮಾನೆ ಹಾಕ್ತ್ರ್.” ಶುದ್ಧಿಯಾದದ್ದು ಅವರ ದೇಹ ಮಾತ್ರ, ನಾಲಿಗೆ ರಂಗೂನಿನಲ್ಲಿಯೇ ಉಳಿಯಿತು ಎಂದು ಪುರೋಹಿತರು ಊರೆಲ್ಲ ಹೇಳಿಕೊಂಡು ತಿರುಗಿದರು.

ಆ ಮಾತು ಸುಳ್ಳಲ್ಲ. ಅವರು ಬಾಯಿ ಬಿಟ್ಟರೆ ರಂಗೂನು. ಅಲ್ಲಿ ನಲ್ಲಿ ತಿರುಗಿಸಿದರೆ ನೀರು, ಗುಂಡಿ ಒತ್ತಿದರೆ ಬೆಳಕು, ಬೀದಿಯಲ್ಲಿ ಟ್ರಾಮು, ಬೆಳಿಗ್ಗೆ ಕಸ ಒಯ್ಯುವುದಕ್ಕೆ ಬಂಡಿ. ಅಲ್ಲಿ ಹೆಂಗಸರು ಅಂಗಡಿಯಲ್ಲಿ ಕೂತು ವ್ಯಾಪಾರ ಮಾಡುತ್ತಾರೆ, ಗಂಡಸರು ಮನೆಯಲ್ಲಿ ಮಗು ಆಡಿಸುತ್ತಾರೆ. ಇಲ್ಲಿ ಏನಿದೆ? ಕೆಸರು, ನುಸಿ, ಮೈಲಿಗೆ. ಹಾಗೆಂದು ಬರ್ಮಾದವರ ಮೇಲೆ ಅವರಿಗೆ ಗೌರವ ಇತ್ತೆಂದು ತಿಳಿಯಬೇಡಿ. ಬರ್ಮಾದವರೆಂದರೆ ಸೋಮಾರಿಗಳು, ದುಡಿದದ್ದನ್ನೆಲ್ಲ ಸನ್ಯಾಸಿಗಳಿಗೆ ಹಾಕಿ ನಗುತ್ತ ಕೂರುವವರು. ಚೀಣರೆಂದರೆ ಮೇಜು ಒಂದನ್ನು ಬಿಟ್ಟು ನಾಲ್ಕು ಕಾಲಿನ ಎಲ್ಲವನ್ನೂ ತಿನ್ನುವವರು. ಒಟ್ಟಿನಲ್ಲಿ ರಂಗೂನು ಬಹಳ ಒಳ್ಳೆಯ ಊರು, ಅಲ್ಲಿರುವ ಯಾರೂ ಸರಿಯಿಲ್ಲ. ನಮ್ಮೂರಿನವರ ಲೆಕ್ಕ ಇದಕ್ಕೆ ಸರಿಯಾಗಿ ತಲೆಕೆಳಗು: ಇಲ್ಲಿ ಸೌಕರ್ಯ ಒಂದೂ ಇಲ್ಲ, ಆದರೆ ನಮ್ಮಂಥ ಜನ ಪ್ರಪಂಚದಲ್ಲಿಯೇ ಇಲ್ಲ. ಇಬ್ಬರೂ ತಮ್ಮ ಲೆಕ್ಕವನ್ನು ಒಂದು ಕೂದಲಿನಷ್ಟೂ ಬಿಟ್ಟುಕೊಡುತ್ತಿರಲಿಲ್ಲ.

ನಾನು ಆಗ ಬೋರ್ಡು ಶಾಲೆಯ ಎಳೆ ಮಾಸ್ತರ. ಮದುವೆಯಾಗಿರಲಿಲ್ಲ. ದೇಶಭಕ್ತಿ ತಲೆಗೇರಿದ್ದ ಕಾಲ. ಸಂಬಳ ಸರಕಾರದ್ದಾದ್ದರಿಂದ ಖಾದಿಯನ್ನು ಅಂಗಿಯ ಒಳಗೆ ತೊಡುತ್ತಿದ್ದೆ. ಒಂದು ಮಧ್ಯಾಹ್ನ ಭೂಗೋಳದ ಪಾಠದಲ್ಲಿ ನಮ್ಮ ದೇಶದಂಥ ದೇಶ ಇನ್ನೊಂದಿಲ್ಲ, ಇಲ್ಲಿ ಹುಟ್ಟುವುದಕ್ಕೆ ಪುಣ್ಯ ಬೇಕು ಎಂದು ಗಂಟಲು ಹರಿಯುವಂತೆ ಹೇಳುತ್ತಿದ್ದೆ. ಕಿಟಕಿಯಲ್ಲಿ ಭಟ್ರ ಮುಖ ಕಾಣಿಸಿತು.

“ಮಾಷ್ಟ್ರೆ, ಒಂದ್ ಕೇಂತೆ, ಸಿಟ್ ಮಾಡ್ಕಂಬುಕಾಗ. ಈ ಮಕ್ಳಿಗೆ ಹೊಟ್ಟಿ ಕೆಟ್ರೆ ಎಲ್ಲಿಗ್ ಹೋತೊ?”

“ಗುಡ್ಡೆಗೆ,” ಎಂದೆ.

“ಹಾಂಗಾರೆ ಪುಣ್ಯವಂತ್ರಿಗೆ ಗುಡ್ಡಿ. ರಂಗೂನಗೆ ಪಾಪಿಗಳಿಗೆ ಕಕ್ಕಸ್ ಇದ್ದಿತ್ತ್.”

ಇಡೀ ತರಗತಿ ನಕ್ಕಿತು. ನಾನು ಕಿಟಕಿ ಮುಚ್ಚಿಸಿದೆ. ಸಾಯಂಕಾಲ ಅವರ ಜಗಲಿಗೆ ಜಗಳಕ್ಕೆಂದೇ ಹೋದೆ. ಅಷ್ಟು ಒಳ್ಳೆಯ ಊರಾದರೆ ಯಾಕೆ ಓಡಿಬಂದಿರಿ ಎಂದು ಕೇಳಿಬಿಟ್ಟೆ. ಅವರು ಸಿಟ್ಟಾಗಲಿಲ್ಲ. ಅಡಿಕೆ ಕತ್ತರಿಸುತ್ತಿದ್ದ ಕೈ ನಿಲ್ಲಿಸಿ, ಮೊದಲ ಸಲ ತಮ್ಮನ ಸುದ್ದಿ ಹೇಳಿದರು.

“ಜಪಾನಿನವ್ರಿಗೆ ಕಣ್ಣ್ ಸಮ ಕಾಣತ್ತಿಲ್ಲೆ ಅಂದಿರ್ ಮಾಷ್ಟ್ರೆ. ದೊರೆಗಳೇ ಹೇಳ್ತಿದ್ರ್, ನಮ್ಮಲ್ಲ್ ಊಟಕ್ ಬಪ್ಪು ಗುಮಾಸ್ತ್ರೂ ಹೇಳ್ತಿದ್ರ್. ಗೊಂಬಿ ಮಾಡುಕ್ ಲಾಯ್ಕ್ ಜನ, ವಿಮಾನ ಬಿಡುಕ್ ಅವ್ರ್ ಹತ್ರ ಆಪುದಲ್ಲ ಅಂಬ್ರ್. ಆ ಊರಂಗೆ ಒಂದ್ ಚಿನ್ನದ್ ಗೋಪುರ ಇತ್ತ್. ಅದ್ ಇಪ್ಪಲ್ಲಿವರಿಗೆ ಎಂತದೂ ಆಪುದಿಲ್ಲ ಅಂತ ಅಲ್ಲಿಯವ್ರ್. ಹಾಂಗಾಯಿ ವಿಮಾನ ಬಂದಾಗ ಯಾರೂ ಒಳ್ಗ್ ಹೋಯ್ಲಿಲ್ಲೆ. ಇಡೀ ಬೀದಿ ಆಕಾಶ ಕಾಂತಾ ನಿಂತಿತ್ತ್. ನಮ್ ತಮ್ಮನೂ ನಿಂತ. ನಾನ್ ಒಳ್ಗ್ ಬಾ ಅಂದೆ. ‘ಅಣ್ಣಾ, ಬೆಳ್ಳಿ ಹೊಳ್ದಂಗೆ ಹೊಳಿತ್, ನೀನೇ ಬಾ’ ಅಂದ.”

ಮುಂದಿನದನ್ನು ಅವರು ಹೇಳಲಿಲ್ಲ. ಅಡಿಕೆ ಹೋಳನ್ನು ಬಾಯಿಗೂ ಹಾಕಲಿಲ್ಲ. ಹೋಳನ್ನು ತಟ್ಟೆಗೇ ಹಾಕಿ, “ಇಲ್ಲ್ ಎಲ್ರೂ ಕೊಲ್ಲೂರಮ್ಮ ಇದ್ಲ್, ನಮ್ಗ್ ಎಂತ ಆತ್ತ್ ಅಂಬ್ರ್. ಆ ಮಾತ್ ಕೇಂಡ್ರೆ ನಂಗೆ ಹೊಟ್ಟಿಯೊಳ್ಗ್ ಚಳಿ ಕೂಕಂತ್,” ಎಂದರು.

ಆ ದಿನಗಳೇ ಹಾಗಿದ್ದವು. ಕಡಲಲ್ಲಿ ಜಪಾನಿನ ಮುಳುಗು ಹಡಗು ಕಂಡಿತಂತೆ ಎಂದು ಒಬ್ಬ ಹೇಳುವುದು, ಸಂಜೆಯೊಳಗೆ ಅದು ಊರಿನ ದಂಡೆಗೇ ಬಂದು ಹೋಗಿರುವುದು. ದೀಪದ ಬೆಳಕು ಕಡಲಿಗೆ ಕಾಣಬಾರದೆಂದು ನಾವು ಚಿಮಣಿಯನ್ನು ತೆಂಗಿನ ಗೆರಟೆಯಿಂದ ಮರೆ ಮಾಡಿ ಉಣ್ಣುತ್ತಿದ್ದೆವು. ಉಳ್ಳವರು ಹೆಂಗಸರನ್ನೂ ಬಂಗಾರವನ್ನೂ ಗುಡ್ಡದ ಬುಡದ ನೆಂಟರ ಮನೆಗಳಿಗೆ ಸಾಗಿಸಿದರು. ನನ್ನ ಅಮ್ಮ ಕಡಲಿನ ಮೊರೆತ ಒಂದು ಸ್ವಲ್ಪ ಬದಲಾದರೆ ಒಲೆಯ ಮುಂದೆ ಕೂತಲ್ಲೇ ಕೈಮುಗಿಯುತ್ತಿದ್ದಳು. ನನಗೂ ಹೆದರಿಕೆಯೇ. ಆದರೆ ಊರಿನವರ ಹೆದರಿಕೆಗೆ ಒಂದು ಮಿತಿ ಇತ್ತು: ಬಾಂಬು ಬೀಳುವುದೇನಿದ್ದರೂ ಬೇರೆಯವರ ದೇಶದ ಮೇಲೆ, ಪುಣ್ಯಭೂಮಿಯ ಮೇಲಲ್ಲ. ಭಟ್ರ ಹೆದರಿಕೆಗೆ ಆ ಬೇಲಿ ಇರಲಿಲ್ಲ.

ಹೀಗಾಗಿ ಅವರು ಊರಿಗೊಂದು ಆಟದ ವಸ್ತುವಾದರು. ಲಾರಿ ಬಂದರೆ ಅವರು ಗೋಡೆಗೆ ಅಂಟುವುದು, ತೆಂಗಿನಕಾಯಿ ಬಿದ್ದರೆ ಕೂರುವುದು. ಒಂದು ದಿನ ಪೇಟೆಯ ತಿಂಡಿ ಹೋಟ್ಲಿನಲ್ಲಿ ಯಾರೋ ಬೇಕೆಂದೇ ಅವರ ಬೆನ್ನ ಹಿಂದೆ ಸೀಮೆಎಣ್ಣೆಯ ಖಾಲಿ ಡಬ್ಬವನ್ನು ಒದ್ದರು. ಭಟ್ರು ಬೆಂಚಿನ ಅಡಿಗೆ ಹೋಗಿ, ಎರಡೂ ಕಿವಿ ಮುಚ್ಚಿ, ಬಾಯಿ ತೆರೆದುಕೊಂಡು ಮಲಗಿದರು. ನಗು ತಡೆಯಲಾರದೆ ಒಬ್ಬನ ಕೈಯ ಚಾ ಚೆಲ್ಲಿತು. ಎದ್ದು ಬಂದವರು ಮೈಯ ಧೂಳು ಕೊಡವಿಕೊಂಡು, “ಬಾಯ್ ತೆರ್ಕಣ್ಕ್. ಇಲ್ದಿದ್ರೆ ಕಿವಿ ತಮ್ಮಟಿ ಒಡಿತ್. ರಂಗೂನಗೆ ಇದನ್ನೆಲ್ಲ ಕಲ್ಸಿಕೊಡ್ತಿದ್ರ್,” ಎಂದರು. ಅಲ್ಲಿಯೂ ರಂಗೂನಿನದೇ ಹೆಚ್ಚಳ. ಅದಕ್ಕೇ ಅವರ ಮೇಲೆ ಯಾರಿಗೂ ಕರುಣೆ ಹುಟ್ಟುತ್ತಿರಲಿಲ್ಲ. ದಂಡೆಗೆ ಬಂದ ಡಾಂಬರಿನ ಪೀಪಾಯಿ, ಬಲೆಯ ತೇಲುಬುರುಡೆ, ಎಲ್ಲವೂ ಅವರ ಕಣ್ಣಿಗೆ ಬಾಂಬೇ.

ಮರುವರ್ಷ ಮಳೆ ಮುಗಿದು ದೋಣಿಗಳು ನೀರಿಗಿಳಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ, ಕಡಲು ಏನನ್ನೋ ತಂದು ಹಾಕಿದೆ ಎಂಬ ಸುದ್ದಿ ಬಂತು. ನನ್ನ ತಮ್ಮ ಸುತ್ತಿಗೆ ಹಿಡಿದು ಆಗಲೇ ಓಡಿದ್ದ. ಅವನಿಗೆ ಒಂದು ಎತ್ತಿನ ಗಾಡಿ ಇತ್ತು, ಅದರ ಚಕ್ರದ ಕಬ್ಬಿಣದ ಪಟ್ಟಿ ತುಂಡಾಗಿ ಗಾಡಿ ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿ ಬಿದ್ದಿತ್ತು. ಯುದ್ಧ ಬಂದ ಮೇಲೆ ಕಬ್ಬಿಣವೆಂಬುದು ಕಮ್ಮಾರನ ಕನಸಿನಲ್ಲಿ ಮಾತ್ರ ಇತ್ತು. ನಾನು ಹೊರಡುವಾಗ ಭಟ್ರೂ ಬಂದರು. ಬರಬೇಕೆಂದು ಬಂದದ್ದಲ್ಲ, ಕಾಲು ತಡೆಯದೆ ಬಂದದ್ದು. ದಾರಿಯುದ್ದಕ್ಕೂ, “ಎಂತದಂಬ್ರ್? ಹ್ಯಾಂಗಿತ್ತಂಬ್ರ್?” ಎಂದು ಕೇಳುತ್ತಲೇ ಇದ್ದರು.

ಮರಳು ದಿಣ್ಣೆ ಹತ್ತಿ ನೋಡಿದೆವು. ನೀರಿನ ಅಂಚಿನಲ್ಲಿ, ಬಂಡೆಗಳಿಂದ ಸ್ವಲ್ಪ ಈಚೆ, ಬಚ್ಚಲ ಹಂಡೆಗಿಂತ ದೊಡ್ಡದಾದ ಕಪ್ಪು ಉಂಡೆಯೊಂದು ಅರ್ಧ ಹೂತು ಕೂತಿತ್ತು. ಮೈಗೆಲ್ಲ ಚಿಪ್ಪು ಹತ್ತಿತ್ತು. ಮೇಲ್ಭಾಗದಲ್ಲಿ ಅಲ್ಲೊಂದು ಇಲ್ಲೊಂದು ಮೊಂಡು ಕೊಂಬುಗಳು. ಸುತ್ತ ಊರಿನ ಗಟ್ಟಿಮುಟ್ಟಾದ ಗಂಡಸರೆಲ್ಲ ಹಾರೆ, ಸುತ್ತಿಗೆ, ಹಗ್ಗ ಹಿಡಿದು ನಿಂತಿದ್ದರು. ಎಲ್ಲರಿಗಿಂತ ಮುಂದೆ ನನ್ನ ತಮ್ಮ. ಅವನು ಸುತ್ತಿಗೆಯಿಂದ ಅದರ ಹೊಟ್ಟೆಗೆ ಒಮ್ಮೆ ಬಡಿದ. ಆ ಸದ್ದು ದಿಣ್ಣೆಯ ಮೇಲೆ ನಮಗೆ ಕೇಳಿಸಿತು.

ಭಟ್ರು ಕುಸಿದು ಕೂತರು. “ಬಾಂಬ್, ಮಾಷ್ಟ್ರೆ,” ಎಂದರು. ನಾನು ಅವರ ಮುಖ ನೋಡಿದೆ. ಲಾರಿಗೆ, ತೆಂಗಿನಕಾಯಿಗೆ ಹೆದರಿದಾಗಿನ ಮುಖ ಅದಲ್ಲ. ಹಡಗು ಒಡೆಯುವುದಕ್ಕೆ ಕಡಲಲ್ಲಿ ಇಂಥವನ್ನು ತೇಲಿಬಿಡುತ್ತಾರೆಂದು ಪತ್ರಿಕೆಯಲ್ಲಿ ಓದಿದ್ದು ಆಗ ನೆನಪಾಯಿತು.

“ಬಿಡ್ರಾ, ಬಡಿಬೇಡಿ, ಅದು ಬಾಂಬು,” ಎಂದು ಕೂಗುತ್ತ ಇಳಿದೆ.

ಅವರು ನಕ್ಕರು. ನಾನು ಹೇಳುವುದನ್ನೆಲ್ಲ ಹೇಳಿದೆ. ಪತ್ರಿಕೆಯ ಮಾತು ಹೇಳಿದೆ, ಪಟೇಲರಿಗೆ ತಿಳಿಸೋಣ ಎಂದೆ, ತಮ್ಮನ ರಟ್ಟೆ ಹಿಡಿದು ಎಳೆದೆ. ಅವನು ಕೊಸರಿಕೊಂಡ.

“ಅಣ್ಣ, ನೀ ಶಾಲಿಯಂಗೆ ಪಾಠ ಮಾಡ್, ಇಲ್ಲ್ ಬ್ಯಾಡ. ಆ ಭಟ್ರ ಜೊತಿ ಸೇರಿ ನಿಂಗೂ ಪುಕ್ಕ್ ಹತ್ತಿತ್ತ್. ಬಾಂಬ್ ಬೀಳುಕೆ ಇದೆಂತ ಬರ್ಮವಾ? ಅಲ್ಲಿಯ ಸೋಮಾರಿಗಳ್ ಓಡಿರ್, ನಾವ್ ಓಡ್ತ್ವಾ?”

ಹೌದು ಎಂದು ಸುತ್ತಲಿನವರೂ ದನಿಗೂಡಿಸಿದರು. ನನ್ನನ್ನು ಪುಸ್ತಕದ ಬದನೆಕಾಯಿ ಎಂದು ಒಬ್ಬ ಹೇಳಿದ. ತಮ್ಮ ಎರಡು ಹೆಜ್ಜೆ ಸರಿದು, ಈ ಸಲ ಒಂದು ಕೊಂಬಿಗೆ ಗುರಿ ಇಟ್ಟು ಸುತ್ತಿಗೆ ಎತ್ತಿದ.

ಅಷ್ಟರಲ್ಲಿ ಭಟ್ರು ಇಳಿದು ಬಂದರು. ಕೈಯಲ್ಲಿ ದಿಣ್ಣೆಯ ಮೇಲೆ ಬೆಳೆದಿದ್ದ ಲಕ್ಕಿ ಗಿಡದ ಹಸಿ ಗೆಲ್ಲು. ಪಂಚೆ ಒದ್ದೆಯಾಗಿತ್ತು, ಕಡಲ ನೀರಿನಿಂದಲ್ಲ. ಅವರು ನನ್ನನ್ನು ದಾಟಿ, ತಮ್ಮನನ್ನು ದಾಟಿ, ಆ ಉಂಡೆಗೆ ಕೈಚಾಚಿದರೆ ತಾಗುವಷ್ಟು ಹತ್ತಿರ ಹೋಗಿ, ಗೆಲ್ಲನ್ನು ಮರಳಿಗೆ ಊರಿದರು. ಆಮೇಲೆ ತಿರುಗಿ ನಿಂತು ಕೂಗಿದರು:

“ಹೈಗುಳಿ ಆಣೆ. ಇದ್ ನಂದ್. ತೀರ್ಮಾನ ಆಪಲ್ಲಿವರಿಗೆ ಯಾರೂ ಮುಟ್ಟುಕಾಗ.”

ಎತ್ತಿದ ಸುತ್ತಿಗೆ ಎತ್ತಿದಲ್ಲೇ ನಿಂತಿತು.

ನಮ್ಮ ಕಡೆ ಹೈಗುಳಿ ಎಂದರೆ ಗದ್ದೆ ಬಯಲು ಕಾಯುವ ದೈವ. ಒಂದು ಮರಕ್ಕೋ ಗದ್ದೆಗೋ ಇಬ್ಬರು ಜಗಳಾಡಿದಾಗ ಒಬ್ಬ ಹಸಿ ಸೊಪ್ಪು ಊರಿ ಹೀಗೆ ಆಣೆ ಹಾಕಿದರೆ, ನ್ಯಾಯ ಮುಗಿಯುವ ತನಕ ಆ ವಸ್ತುವಿನ ಹತ್ತಿರ ಯಾರೂ ಸುಳಿಯುವುದಿಲ್ಲ. ಕೋರ್ಟಿನ ತಡೆಯನ್ನು ಮುರಿದವರಿದ್ದಾರೆ, ಈ ಆಣೆಯನ್ನು ಮುರಿದವರನ್ನು ನಾನು ಕಂಡಿಲ್ಲ. ಆದರೆ ತನ್ನದಲ್ಲದ್ದನ್ನು ತನ್ನದೆಂದು ಸುಳ್ಳು ಆಣೆ ಹಾಕಿದವನನ್ನು ದೈವ ಬಿಡುವುದಿಲ್ಲ ಎಂಬ ನಂಬಿಕೆಯೂ ಅಷ್ಟೇ ಗಟ್ಟಿ. ಹಾಗಾಗಿ ಸುಮ್ಮನೆ ಯಾರೂ ಆಣೆ ಹಾಕುವುದಿಲ್ಲ.

“ನಿಮ್ದ್ ಹ್ಯಾಂಗ್ ಆತ್ತ್ ಭಟ್ರೆ?” ಎಂದು ತಮ್ಮ ಹಲ್ಲು ಕಚ್ಚಿ ಕೇಳಿದ.

“ನಮ್ ಊಟದ ಮನಿ ಹಂಡಿ. ರಂಗೂನ್ ಹೊಳಿಗ್ ಬಿದ್ದಿತ್ತ್. ತೇಲ್ಕಂಡ್ ಬಂತ್.”

“ಹಂಡಿಗೆ ಕೊಂಬ್ ಎಂತಕೆ?”

“ರಂಗೂನ್ ಹಂಡಿಗೆ ಕೊಂಬ್ ಇರತ್ತ್. ನಿಮ್ಗ್ ಎಂತ ಗೊತ್ತಿತ್ತ್ ಅಲ್ಲಿನ್ ಸಂಗ್ತಿ?”

ಅಷ್ಟು ದಿನ ನಿಜ ಹೇಳಿದಾಗ ನಂಬದಿದ್ದ ಊರು ಆ ದಿನ ಅದನ್ನು ನಂಬಿತು. ನೀರು ನಲ್ಲಿಯಲ್ಲಿ ಬರುವ ಊರಿನಲ್ಲಿ ಹಂಡೆಗೆ ಕೊಂಬಿದ್ದರೂ ಇದ್ದೀತು ಎಂದು ಅವರಿಗೆ ಕಂಡಿರಬೇಕು. ತಮ್ಮ ಸುತ್ತಿಗೆಯನ್ನು ಮರಳಿಗೆ ಎಸೆದ. “ಕಾಣಿ, ಇಡೀ ಊರ್ ಕಬ್ಣ ಒಬ್ರೇ ನುಂಗುಕ್ ಹೊಂಟಿರ್. ಪರದೇಶದ್ ಬುದ್ಧಿ ಎಲ್ಲಿಗ್ ಹೋತ್ತ್,” ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಉಗಿದ. ಭಟ್ರು ಹಂಡೆಯ ಒಳಗೆ ತಮ್ಮ ಪಾತ್ರೆಪಡಗವೂ ಇದೆ, ಯಾರಾದರೂ ಕದ್ದಾರು ಎಂದು ನೆವ ಹೇಳಿ, ದೂರ ದೂರದವರೆಗೆ ಸುತ್ತ ಲಕ್ಕಿ ಗೆಲ್ಲು ಊರುತ್ತ ಹೋದರು. ನಾನೂ ಊರಿದೆ. ಒಂದು ಹಂಡೆಗೆ ಇಷ್ಟು ದೊಡ್ಡ ಕಂಪೌಂಡು ಬೇಕೇ ಎಂದು ಜನ ಆಡಿಕೊಳ್ಳುತ್ತಲೇ ಹಿಂದೆ ಹಿಂದೆ ಸರಿದು ದಿಣ್ಣೆಯ ಆಚೆಗೆ ಹೋದರು.

ನಾನು ಪಟೇಲರ ಮನೆಗೆ ಓಡಿದೆ. ಅವರು ಗ್ರಾಮದ ಆಳು ಉಗ್ರಾಣಿಯ ಕೈಯಲ್ಲಿ ಕುಂದಾಪುರಕ್ಕೆ ಹೇಳಿ ಕಳಿಸಿದರು. ಇದ್ದಿಲಿನಿಂದ ಓಡುವ ಬಸ್ಸುಗಳ ಕಾಲ. ಅದು ಹೊರಟು, ಹೊಳೆ ಬಂದಲ್ಲಿ ನಿಂತು, ಅಲ್ಲಿಂದ ಉಗ್ರಾಣಿ ದೋಣಿ ದಾಟಿ, ಸುದ್ದಿ ಮುಟ್ಟಿ, ಅಲ್ಲಿಂದ ಅಧಿಕಾರಿಗಳು ಬರುವುದು ಯಾವಾಗಲೋ. ಅಷ್ಟರ ತನಕ ಭಟ್ರು ದಿಣ್ಣೆ ಬಿಟ್ಟು ಕದಲಲಿಲ್ಲ. ಮನೆಗೆ ಬನ್ನಿ ಎಂದು ಕರೆದೆ. “ನಾನ್ ಬಂದ್ರೆ ಅವ್ರಿಗೆ ಅನ್ಮಾನ ಬತ್ತ್. ಆಣೆ ಹಾಕ್ದವ ಕಾಯ್ಕ್,” ಎಂದರು. ದಿಣ್ಣೆಯ ಈಚೆಗೆ ಕೈಯಲ್ಲೇ ಮರಳು ಬಗೆದು ಒಂದು ಹೊಂಡ ಮಾಡಿ, ಅದರ ಅಂಚಿನಲ್ಲಿ ಕೂತರು. ಅಕ್ಕ ಕಳಿಸಿದ ಅನ್ನವನ್ನು ನಾನೇ ಒಯ್ದು ಕೊಟ್ಟೆ. ತುತ್ತು ಬಾಯಿಗೆ ಹೋಗುತ್ತಿರಲಿಲ್ಲ.

ಮರುದಿನ ನಾನು ಮಧ್ಯಾಹ್ನದ ಹಾಜರಿ ಕರೆಯುತ್ತಿದ್ದೆ. ಮೊದಲು ನೆಲ ಅಲುಗಿತು, ಆಮೇಲೆ ಸದ್ದು ಬಂತು. ಶಾಲೆಯ ಹೆಂಚುಗಳು ಸುರಿದವು. ಮಕ್ಕಳ ಅಳು, ನಾಯಿಗಳ ಕೂಗು, ಕಾಗೆಗಳು ಆಕಾಶದ ತುಂಬ. ಉಬ್ಬರದ ನೀರು ಅದನ್ನು ಎತ್ತಿ ಬಂಡೆಗೆ ಬಡಿದಿರಬೇಕು. ನಾನು ಮಕ್ಕಳನ್ನು ಹೊರಗೆ ಕಳಿಸಿ, ತಮ್ಮನ ಹೆಸರು ಕೂಗುತ್ತ ಕಡಲಿನ ಕಡೆ ಓಡಿದೆ. ಗದ್ದೆಯ ಅಂಚಿನಲ್ಲಿ ಅವನೂ ನನ್ನ ಹೆಸರು ಕೂಗುತ್ತ ಓಡಿಬರುತ್ತಿದ್ದ. ಒಟ್ಟಿಗೇ ದಿಣ್ಣೆಗೆ ಓಡಿದೆವು.

ಉಂಡೆ ಇದ್ದಲ್ಲಿ ಈಗ ಕೆರೆಯಂಥ ಗುಂಡಿ, ಅದರೊಳಗೆ ಕೊಚ್ಚೆಯಾದ ನೀರು ಸುತ್ತುತ್ತಿತ್ತು. ಸತ್ತ ಮೀನು ದಂಡೆಯುದ್ದಕ್ಕೂ. ದಿಣ್ಣೆಯ ಈಚೆಗಿನ ಹೊಂಡ ಮರಳಿನಿಂದ ಮುಚ್ಚಿತ್ತು. ತಮ್ಮ ಎರಡೂ ಕೈಯಿಂದ ಬಗೆದ. ಭಟ್ರು ಒಳಗೆ ಬೋರಲು ಮಲಗಿದ್ದರು, ಕಿವಿ ಮುಚ್ಚಿ, ಬಾಯಿ ತೆರೆದು. ಬಾಯಿಯ ತುಂಬ ಮರಳು. ಎಬ್ಬಿಸಿ ಕೂರಿಸಿ ನೀರು ಕುಡಿಸಿದ ಮೇಲೆ ಕೆಮ್ಮಿ ಕೆಮ್ಮಿ ಹೇಳಿದ ಮೊದಲ ಮಾತು: “ರಂಗೂನಗೆ ಹೊಂಡಕ್ಕೆ ಹಲಗಿ ಹಾಕಿ ಕೊಡ್ತಿದ್ರ್.”

ಯಾರೂ ನಗಲಿಲ್ಲ. ತಮ್ಮ ಅವರನ್ನು ಬೆನ್ನ ಮೇಲೆ ಹೊತ್ತು ಮನೆಗೆ ತಂದ. ಆ ದಿನದಿಂದ ಅವರ ಮುಖ ಕಂಡರೆ ಅವನು ತಲೆ ತಗ್ಗಿಸಿ ಬೇರೆ ದಾರಿ ಹಿಡಿಯುತ್ತಿದ್ದ.

ಊರಿನವರಿಗೆ ತಲೆ ತಗ್ಗಿಸುವ ಕಷ್ಟ ಬರಲಿಲ್ಲ. ಒಂದು ವಾರದೊಳಗೆ ಕಥೆ ತಿರುಗಿತು. ಹೈಗುಳಿಯೇ ಭಟ್ರ ಬಾಯಲ್ಲಿ ಬಂದು ಆಣೆ ಹಾಕಿಸಿತಂತೆ. ರಂಗೂನಿನಲ್ಲಿ ಜನ ಬೀದಿಬೀದಿಯಲ್ಲಿ ಸತ್ತರು, ನಮ್ಮಲ್ಲಿ ಒಂದು ಕೋಳಿಯೂ ಸಾಯಲಿಲ್ಲ, ದೇಶ ಅಂದರೆ ಹೀಗಿರಬೇಕು ಎಂದು ತಿಂಡಿ ಹೋಟ್ಲಿನಲ್ಲಿ ಭಟ್ರ ಮುಂದೆಯೇ ಹೇಳುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಭಟ್ರು ಮಾತ್ರ “ಹೌದ್” ಎಂದು ಚಾ ಕುಡಿಯುತ್ತಿದ್ದರು. ಯಾಕೆ ಸುಮ್ಮನಿರುತ್ತೀರಿ ಎಂದು ಒಮ್ಮೆ ಗದರಿದೆ.

“ಎಂತ ಹೇಳುದ್ ಮಾಷ್ಟ್ರೆ? ನಾನ್ ಬೇಕಂತೇ ಸುಳ್ಳ್ ಆಣೆ ಹಾಕಿದ್ ಅಂತ ಹೇಳುದಾ? ಬಾಂಬ್ ಒಂದ್ ಸಲ ಒಡ್ದ್ ಮುಗಿತ್. ಇದ್ ಮುಗುದಲ್ಲ.”

ಅವರ ಹೆದರಿಕೆ ಆಕಾಶದಿಂದ ನೆಲಕ್ಕೆ ಇಳಿದಿತ್ತು. ಕಾಲಿಗೆ ಕುರು ಎದ್ದರೆ ಹೈಗುಳಿ. ಅಕ್ಕನಿಗೆ ಜ್ವರ ಬಂದರೆ ಹೈಗುಳಿ. ಕರು ಸತ್ತರೆ ಹೈಗುಳಿ. ನಮ್ಮ ಊರಿನದು ಒಂದೂ ಸರಿಯಿಲ್ಲ ಎನ್ನುತ್ತಿದ್ದ ಮನುಷ್ಯ ಊರಿನ ದೈವದ ಸಿಟ್ಟನ್ನು ಮಾತ್ರ ಪೂರ್ತಿ ನಂಬಿದರು. ದೈವದ ಕಲ್ಲಿಗೆ ಕಾಯಿ ಒಡೆಯಲು ಹೋದವರು ತಪ್ಪು ಹೇಳಿಕೊಳ್ಳಲಾರದೆ ಹಾಗೆಯೇ ಹಿಂದೆ ಬಂದರಂತೆ, ಒಂದಲ್ಲ, ಎಷ್ಟೋ ಸಲ. ಯುದ್ಧ ಮುಗಿಯಿತು. ಸ್ವಾತಂತ್ರ್ಯ ಬಂತು, ಶಾಲೆಯ ಮುಂದೆ ಬಾವುಟ ಏರಿಸಿ, ಖಾದಿಯನ್ನು ಹೊರಗೆ ತೊಟ್ಟು, ನಮ್ಮ ದೇಶ ಇನ್ನು ಎಲ್ಲ ದೇಶಗಳಿಗೂ ಮೇಲು ಎಂದು ನಾನು ಭಾಷಣ ಮಾಡಿದೆ. ಅವರು ಹಿಂದೆ ಬೇಲಿಗೆ ಒರಗಿ ನಿಂತು ಕೇಳಿದರು. ಕಕ್ಕಸಿನ ಸುದ್ದಿ ಎತ್ತಲಿಲ್ಲ. ಅದು ನನಗೆ ಬೇಸರ ತಂದಿತು.

ಕಳೆದ ವರ್ಷದಿಂದ ಅವರ ಕಾಲು ಬಾತು ನಡೆಯುವುದು ನಿಂತಿತು. ತೀರಿಕೊಳ್ಳುವುದಕ್ಕೆ ಕೆಲವು ದಿನ ಮೊದಲು, ಬೆಳಿಗ್ಗೆ, ಅಕ್ಕ ನನ್ನನ್ನು ಕರೆದರು. ಭಟ್ರು ಗೋಡೆಗೆ ಒರಗಿ ಕೂತಿದ್ದರು. ಮುಖ ಊದಿತ್ತು. ನನ್ನ ಕೈ ಹಿಡಿದುಕೊಂಡರು.

“ಒಂದ್ ಉಪ್ಕಾರ ಮಾಡ್ಕ್. ಹೈಗುಳಿ ಕಲ್ಲಿನತ್ರ ಹೋಯಿ ಹೇಳ್ಕ್, ಅದ್ ಭಟ್ರದ್ದಲ್ಲ, ಸುಳ್ಳ್ ಹೇಳಿದ್ ಅಂದ್. ನಂಗೆ ಅಲ್ಲಿವರಿಗೆ ನಡುಕ್ ಆತ್ತಿಲ್ಲೆ. ಹೇಳ್ದೆ ಹೋಪುಕ್ ಹೆದ್ರಿಕಿ ಆತ್ತ್.”

“ಭಟ್ರೆ, ನಾನು ಅದನ್ನೆಲ್ಲ ನಂಬುವವನಲ್ಲ,” ಎಂದೆ.

“ನೀವ್ ನಂಬುದ್ ಬ್ಯಾಡ. ಹೇಳಿ, ಅಷ್ಟೇ.”

ಬಾಗಿಲಲ್ಲಿ ನೆರಳು ಸರಿಯಿತು. ತಮ್ಮ ನಿಂತಿದ್ದ. ಎಷ್ಟೋ ವರ್ಷಗಳಿಂದ ಆ ಮನೆಯ ಮೆಟ್ಟಿಲು ಹತ್ತದವನು ಅಕ್ಕನಿಗೆ ಎಳನೀರು ಕೊಡಲು ಬಂದಿದ್ದನಂತೆ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಎಳನೀರನ್ನು ನೆಲಕ್ಕಿಟ್ಟು, ಹೆಗಲ ಬೈರಾಸನ್ನು ಸೊಂಟಕ್ಕೆ ಸುತ್ತಿಕೊಂಡು, “ನಡಿ ಅಣ್ಣ,” ಎಂದ.

ಗದ್ದೆಯ ಅಂಚು ಹಿಡಿದು ಹೋದೆವು. ಮರಗಳ ಹಾಡಿಯ ಕೆಳಗೆ, ತರಗೆಲೆಯ ನಡುವೆ ಆ ಕಲ್ಲು. ಯಾರೋ ಹಚ್ಚಿದ ಅರಸಿನ ಒಣಗಿತ್ತು. ನಾನು ಚಪ್ಪಲಿ ಬಿಟ್ಟು ಮುಂದೆ ನಿಂತು, ಪಾಠ ಒಪ್ಪಿಸುವ ಹುಡುಗನ ಹಾಗೆ, ಭಟ್ಟರು ಕಡಲ ದಂಡೆಯಲ್ಲಿ ಹಾಕಿದ ಆಣೆ ಸುಳ್ಳು, ಆ ವಸ್ತು ಅವರದ್ದಲ್ಲ, ಅವರನ್ನು ಕ್ಷಮಿಸಬೇಕು ಎಂದೆ. ನನ್ನ ಮಾತು ನನಗೇ ಅರ್ಜಿ ಓದಿದಂತೆ ಕೇಳಿಸಿತು. ತಿರುಗಿ ಹೊರಡಬೇಕು ಎನ್ನುವಾಗ ತಮ್ಮ ನನ್ನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದ. ಈಗ ಅವನಿಗೆ ಹೆಂಡತಿ ಇದ್ದಾಳೆ, ತೊಟ್ಟಿಲಲ್ಲಿ ಮಗು ಇದೆ. ಬಗ್ಗಿ ಕಲ್ಲಿನ ಮೇಲೆ ಅಂಗೈ ಊರಿದ.

“ಭಟ್ರ್ ಸುಳ್ಳ್ ಹೇಳಿದ್ ಹೌದ್. ಆರೆ ಅವತ್ತ್ ಸುತ್ಗಿ ಹಿಡ್ಕಂಡ್ ನಿಂತದ್ ನಾನ್. ಆ ಸುಳ್ಳಿಂದ ಬದ್ಕದ್ದೂ ನಾನ್. ಅದಕ್ಕೆ ಶಿಕ್ಷಿ ಅಂತ ಇದ್ರೆ ನಂಗೆ ಕೊಡ್. ಅವ್ರನ್ನ್ ಬಿಡ್.”

ಹೇಳಿ ಅವನು ಹಿಂದೆ ನೋಡದೆ ಗದ್ದೆಗೆ ಇಳಿದ. ದೈವ, ಭೂತ, ಶಾಪ ಎಲ್ಲ ಬರಿಯ ಹೆದರಿಕೆ ಎಂದು ದಿನವೂ ಮಕ್ಕಳಿಗೆ ಹೇಳಿಕೊಡುವ ನಾನು ಅಲ್ಲೇ ನಿಂತೆ. ಕಲ್ಲಿಗೆ ಕೈಮುಗಿದು, ಅವನು ಹೇಳಿದ್ದು ನಿನಗೆ ಕೇಳಿಸದೆ ಹೋಗಲಿ ಎಂದು ಬೇಡಿಕೊಂಡೆ.